‘ವೀರಗಲ್ಲುಗಳು’ ಎಂದು ಹುಡುಕಿದ ಮಳೆಗಾಲ

ಹೋದ ತಿಂಗಳು ಜಡಿಗೇನಹಳ್ಳಿಯ ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದೆ. ಸಮೇತನಹಳ್ಳಿ ಹತ್ತಿರ ಬರುವಾಗ ಮಳೆ ಹಿಡಿಯಿತು. ಬಸ್ಸಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿಯಿಂದ ನುಗ್ಗಿದ ಗಾಳಿಯಲ್ಲಿ ನೆನೆದ ಸಗಣಿ, ರಸ್ತೆ ಬದಿಗೆ ಸುರಿದ ಕೊಳೆತ ಟೊಮ್ಯಾಟೊ, ಬಿಸಿಲಿಗೆ ಕಾದ ಬಂಡೆಗೆ ನೀರು ಬಿದ್ದಾಗ ಏಳುವ ಆವಿ, ಮೂರೂ ಬೆರೆತಿದ್ದವು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ಕಾಲು ನಿಲ್ಲದಾಯಿತು. ಸೀಟಿನ ಕೆಳಗೆ ಪಾದ ತನ್ನಷ್ಟಕ್ಕೆ ಅಲುಗಾಡತೊಡಗಿತು. ಕೆಲವು ವರ್ಷಗಳ ಹಿಂದೆ ಇದೇ ಊರಲ್ಲಿ ಕಳೆದ ಒಂದು ಮಳೆಗಾಲವಿಡೀ ನನ್ನ ಪಾದ ಹೀಗೇ ಅಲುಗಾಡುತ್ತಿತ್ತು.

ನಮ್ಮೂರು ದೊಡ್ಡಬಳ್ಳಾಪುರ. ಅಲ್ಲಿ ಒಂದು ಶಾಲೆಯಲ್ಲಿ ಸಮಾಜವಿಜ್ಞಾನ ಹೇಳಿಕೊಡುತ್ತಿದ್ದವಳು ಕೆಲಸ ಬಿಟ್ಟು ಪಿಎಚ್‌ಡಿಗೆ ಸೇರಿದ್ದೆ. ವಿಷಯ, ಹೊಸಕೋಟೆ ಸುತ್ತಿನ ವೀರಗಲ್ಲುಗಳು. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲುಗಳವು. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ಅರ್ಧ ಹೂತು ನಿಂತಿರುತ್ತವೆ. ಅಲೆದಾಟಕ್ಕೆ ಅನುಕೂಲವಾಗಲೆಂದು ಸಮೇತನಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದೆ. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಮಂಡಿಯವರೆಗೆ ಕೆಸರು ಮಾಡಿಕೊಂಡು ಬರುತ್ತಿದ್ದೆ.

"ಕಲ್ಲು ನೋಡಿದ್ದು ಸಾಕು ಕಣೇ ಚಂದ್ರಾ, ಒಂದು ಗಂಡು ನೋಡ್ಕೋ," ಎನ್ನುತ್ತಿದ್ದಳು ಚಿಕ್ಕಮ್ಮ. ಹಾಗೆನ್ನುತ್ತಲೇ ಬಿಸಿನೀರು ಕಾಯಿಸಿ ಬಚ್ಚಲಿಗೆ ಇಡುತ್ತಿದ್ದಳು.

ಆ ಅಲೆದಾಟದಲ್ಲಿ ನನ್ನ ಕಣ್ಣಿಗೆ ಒಂದು ವಿಷಯ ಬಿದ್ದಿತ್ತು. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು ಕೆತ್ತಿರುತ್ತಾರೆ. ಸಾಮಾನ್ಯವಾಗಿ ಎಲ್ಲ ದನಗಳ ಮುಖವೂ ಒಂದೇ ಕಡೆಗೆ. ಆದರೆ ಈ ಭಾಗದ ಕೆಲವು ಕಲ್ಲುಗಳಲ್ಲಿ ಮಾತ್ರ ಸಾಲಿನ ಕೊನೆಯ ಹಸು ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತದೆ, ಅಲ್ಲಿ ಬಿದ್ದಿರುವ ವೀರನ ಕಡೆಗೆ. ಒಂದು ಊರಿನಲ್ಲಿ ಕಂಡಾಗ ಚೆಂದವೆನಿಸಿತು. ಬೇರೆ ಬೇರೆ ಊರುಗಳಲ್ಲಿ ಅದೇ ಹಸು, ಅದೇ ಕತ್ತಿನ ತಿರುವು ಕಂಡಾಗ ಮೈ ಜುಮ್ಮೆಂದಿತು. ಇವೆಲ್ಲ ಒಬ್ಬನೇ ಶಿಲ್ಪಿ ಕೆತ್ತಿದ್ದು ಎಂದು ನನಗೆ ಖಾತ್ರಿಯಾಯಿತು. ಹೆಸರಿಲ್ಲದ ಆ ಶಿಲ್ಪಿಯನ್ನು ಮೊದಲು ಕಂಡವಳು ನಾನು ಎಂಬ ಒಳಗಿನ ಬಿಗುಮಾನವೂ ಸೇರಿಕೊಂಡಿತು. ಇಡೀ ಪ್ರಬಂಧ ನಿಂತಿದ್ದೇ ಆ ಹಸುವಿನ ಮೇಲೆ.

ದಸರಾ ಮುಗಿಯುತ್ತಿದ್ದಂತೆ ವಿಭಾಗದವರ ಮುಂದೆ ಅದನ್ನು ಮಂಡಿಸಬೇಕಿತ್ತು. ಉಳಿದಿದ್ದು ಒಂದೇ ಅಧ್ಯಾಯ, ಈ ವಿಷಯದ ಬಗ್ಗೆ ಹಿಂದೆ ಯಾರು ಯಾರು ಏನೇನು ಬರೆದಿದ್ದಾರೆ ಎಂಬ ಸಮೀಕ್ಷೆ. ನನ್ನ ಗೈಡ್ ಮೇಡಂ ಅದರಲ್ಲಿ ಬಹಳ ಕಟ್ಟುನಿಟ್ಟು.

"ಇದು ಹೊಸದು ಅಂತ ನೀನು ಹೇಳಿದ್ರೆ ಆಗಲ್ಲಮ್ಮ. ಯಾರೂ ಹೇಳಿಲ್ಲ ಅನ್ನೋದನ್ನ ಹುಡುಕಿ ತೋರಿಸ್ಬೇಕು. ನಮ್ಮ ಲೈಬ್ರರಿ ಒಂದೇ ಸಾಲ್ದು, ಆನ್‌ಲೈನ್ ಸೂಚಿಗಳನ್ನೆಲ್ಲ ಜಾಲಾಡು," ಎಂದಿದ್ದರು.

ಚಿಕ್ಕಮ್ಮನ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಅಲ್ಲಿ ತಗಡಿನ ಒಂದು ಇಳಿಜಾರು ಸೂರು ಇತ್ತು. ಅದರಡಿ ಈರುಳ್ಳಿ ಮೂಟೆಗಳ ನಡುವೆ ಕೂತು, ಫೋನಿನ ನೆಟ್‌ವರ್ಕನ್ನು ಲ್ಯಾಪ್‌ಟಾಪಿಗೆ ಕೊಟ್ಟುಕೊಂಡು ಹುಡುಕುತ್ತಿದ್ದೆ. ಕಲೆ, ಪುರಾತತ್ವಗಳ ಮೇಲೆ ಬಂದ ಪುಸ್ತಕ, ಲೇಖನ, ವರದಿಗಳ ವಿವರವನ್ನು ಸೇರಿಸಿಟ್ಟ ಜಾಲತಾಣಗಳು ಎಷ್ಟೊಂದಿವೆ ಎಂದು ನನಗೆ ಗೊತ್ತಾಗಿದ್ದು ಆಗಲೇ. ದೂರ ದೇಶದ ಗ್ರಂಥಾಲಯಗಳ ಕ್ಯಾಟಲಾಗು, ಲೇಖನಗಳ ಸೂಚಿ, ಹಳೆಯ ಸರ್ವೆ ವರದಿಗಳ ಸ್ಕ್ಯಾನು. ಕೆಲವು ಎಲ್ಲರಿಗೂ ತೆರೆದಿದ್ದವು. ಕೆಲವು ಶೀರ್ಷಿಕೆ ತೋರಿಸಿ, ಮುಂದಿನದು ಚಂದಾದಾರರಿಗೆ ಮಾತ್ರ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದವು.

ಅಲ್ಲಿ ನಮ್ಮ ಊರುಗಳು ವೇಷ ಮರೆಸಿಕೊಂಡು ಕೂತಿದ್ದವು. ಹೊಸಕೋಟೆಯನ್ನು ಇಂಗ್ಲಿಷಿನಲ್ಲಿ ಒಬ್ಬ ಒಂದು ಬಗೆಯಲ್ಲಿ ಬರೆದರೆ ಇನ್ನೊಬ್ಬ ಇನ್ನೊಂದು ಬಗೆ. ಒಂದು ಹಳೆಯ ವರದಿಯಲ್ಲಿ ನಮ್ಮ ಒಂದು ಹಳ್ಳಿಯ ಹೆಸರನ್ನು ಬಾಯಿಬಿಟ್ಟು ಓದಿದ ಮೇಲಷ್ಟೇ ಅದು ನಾನು ದಿನಾ ಸ್ಕೂಟರಿನಲ್ಲಿ ದಾಟುವ ಊರು ಎಂದು ತಿಳಿದಿತ್ತು. ಹಾಗಾಗಿ ಒಂದೊಂದು ಪದವನ್ನೂ ಹಲವು ರೂಪದಲ್ಲಿ ಹಾಕಿ ನೋಡಬೇಕಿತ್ತು. ಮಳೆ ಜೋರಾದರೆ ನೆಟ್‌ವರ್ಕ್ ಹೋಗುತ್ತಿತ್ತು. ಪರದೆಯ ಮೇಲೆ ಸುತ್ತುವ ಚಕ್ರವನ್ನೇ ನೋಡುತ್ತ ಕಾಲು ಅಲುಗಿಸುತ್ತ ಕೂರುತ್ತಿದ್ದೆ.

ಅದು ವಿಚಿತ್ರ ಕೆಲಸ. ಜನ ಸಿಗಲಿ ಅಂತ ಹುಡುಕುತ್ತಾರೆ. ನಾನು ಸಿಗದಿರಲಿ ಅಂತ ಹುಡುಕುತ್ತಿದ್ದೆ. ಏನೂ ಸಿಗಲಿಲ್ಲ ಎಂದು ಪರದೆ ಹೇಳಿದಾಗಲೆಲ್ಲ ಒಂದು ಉಸಿರು ಹೊರಗೆ ಬಿಡುತ್ತಿದ್ದೆ. ಮರುಕ್ಷಣ, ಇನ್ನೊಂದು ಕಡೆ ಇದ್ದರೆ ಎಂಬ ಅನುಮಾನ. ಊಟದ ತಟ್ಟೆ ಮುಂದಿದ್ದರೂ ಮನಸ್ಸು ತಾರಸಿಯ ಮೇಲೆ. ಚಿಕ್ಕಮ್ಮ ಬಡಿಸಿದ ಮುದ್ದೆ ತಣ್ಣಗಾಗಿ ಗಟ್ಟಿಯಾಗುತ್ತಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಸಿಕ್ಕಿಯೇ ಬಿಟ್ಟಿತು. ಅಲ್ಲಿಯತನಕ ನಾನು ಇಂಗ್ಲಿಷ್ ಪದಗಳಲ್ಲಿ ಹುಡುಕಿದ್ದೆ, ಕನ್ನಡ ಲಿಪಿಯಲ್ಲಿ ಹುಡುಕಿದ್ದೆ, ಇಂಗ್ಲಿಷ್ ಅಕ್ಷರಗಳಲ್ಲಿ ‘ವೀರಗಲ್ಲು’ ಎಂದೂ ಹಾಕಿದ್ದೆ. ಅವತ್ತು ಬೇಸರಕ್ಕೋ ಏನೋ, ಅದನ್ನೇ ಬಹುವಚನ ಮಾಡಿ ‘ವೀರಗಲ್ಲುಗಳು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ. ವಿದೇಶದ ಒಂದು ವಿಶ್ವವಿದ್ಯಾಲಯದ ಸೂಚಿಯಲ್ಲಿ ಒಂದೇ ಒಂದು ನಮೂದು ತೆರೆಯಿತು. ಮೇಲೆ ಕೆಳಗೆ ಚುಕ್ಕಿ ಗೆರೆ ಇಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ ಅಪ್ಪಟ ಕನ್ನಡ ಶೀರ್ಷಿಕೆ: ‘ಹಿಂದಿರುಗಿ ನೋಡುವ ಹಸು: ಹೊಸಕೋಟೆ ಸೀಮೆಯ ಕೆಲವು ವೀರಗಲ್ಲುಗಳು.’ ಲೇಖಕರ ಹೆಸರಿನ ಜಾಗದಲ್ಲಿ ‘ರತ್ನಮ್ಮ, ನಾಗ’ ಎಂದಿತ್ತು. ಯಾವತ್ತೋ ನಿಂತುಹೋದ ಒಂದು ಕನ್ನಡ ಪತ್ರಿಕೆ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಸಂಚಿಕೆ.

ಲ್ಯಾಪ್‌ಟಾಪ್ ಮುಚ್ಚಿದೆ. ಮತ್ತೆ ತೆರೆದೆ. ಶೀರ್ಷಿಕೆ ಅಲ್ಲೇ ಇತ್ತು. ಕೆಳಗೆ ಚಿಕ್ಕಮ್ಮ, "ಬಟ್ಟೆ ತೆಗಿಯೇ, ಮಳೆ ಬತ್ತಾ ಐತೆ," ಎಂದು ಕೂಗುತ್ತಿದ್ದಳು. ತಂತಿಯ ಮೇಲಿನ ಬಟ್ಟೆಯೆಲ್ಲ ತೊಯ್ದುಹೋಗುವವರೆಗೆ ನಾನು ಏಳಲಿಲ್ಲ.

ಸೂಚಿಯಲ್ಲಿ ಇದ್ದದ್ದು ವಿವರ ಮಾತ್ರ, ಲೇಖನವಿರಲಿಲ್ಲ. ಒಳಗೆ ಏನು ಬರೆದಿದೆಯೋ ತಿಳಿಯದು. ಆ ಗ್ರಂಥಾಲಯಕ್ಕೆ ಮೇಲ್ ಹಾಕಿ ಪ್ರತಿ ಕೇಳಿದೆ. ಅಲ್ಲಿಂದ ಉತ್ತರ ಬರುವವರೆಗೆ ಒಂದು ಕಡೆ ಕೂರಲಾಗಲಿಲ್ಲ. ಕೆಲಸವಿಲ್ಲದಿದ್ದರೂ ಸ್ಕೂಟರ್ ತೆಗೆದು ಹೊಸಕೋಟೆಗೆ ಹೋಗುತ್ತಿದ್ದೆ, ಕಾಫಿ ಕುಡಿದು ವಾಪಸ್ ಬರುತ್ತಿದ್ದೆ. ನನ್ನ ಜೊತೆ ಪಿಎಚ್‌ಡಿ ಮಾಡುತ್ತಿದ್ದ ಮಂಜುನಾಥನಿಗೆ ಫೋನಿನಲ್ಲಿ ವಿಷಯ ಹೇಳಿದೆ.

"ಬಹುವಚನ ಹಾಕಿದ್ರೆ ಮಾತ್ರ ಸಿಗೋ ಲೇಖನಾನ ಯಾರು ನೋಡ್ತಾರೆ ಗುರು? ಬರ್ದಿರೋರ ಹೆಸರೂ ಯಾರೂ ಕೇಳಿಲ್ಲ. ನಿನ್ನ ಪಟ್ಟಿಲಿ ಸೇರಿಸ್ಬೇಡ, ಅಷ್ಟೇ," ಎಂದ ಅವನು.

"ನಾನು ನೋಡಿದೀನಲ್ಲ ಕಣೋ," ಎಂದೆ.

"ನೀನು ಯಾರಿಗೂ ಹೇಳ್ಬೇಡ."

ಫೋನಿಟ್ಟೆ. ಗೈಡ್ ಮೇಡಂಗೆ ಅವತ್ತೇ ಫೋನ್ ಮಾಡಿ ಹೇಳಿಬಿಟ್ಟೆ. ಹೇಳದಿದ್ದರೆ ಮನಸ್ಸು ಬೇರೆ ದಾರಿ ಹಿಡಿದೀತು ಎಂಬ ಹೆದರಿಕೆ ಇತ್ತು. ಅವರು, "ಮೊದಲು ಓದು. ಆಮೇಲೆ ಅಳು," ಎಂದರು.

ಕೊನೆಗೆ ಆ ಗ್ರಂಥಾಲಯದವರು ಲೇಖನವನ್ನು ಸ್ಕ್ಯಾನ್ ಮಾಡಿ ಕಳಿಸಿದರು. ಕೆಲವೇ ಪುಟಗಳು. ತಾರಸಿಯ ತಗಡಿನಡಿ ನಿಂತೇ ಓದಿದೆ. ನಾನು ಹೇಳಬೇಕೆಂದುಕೊಂಡಿದ್ದೆಲ್ಲ ಅಲ್ಲಿತ್ತು. ಕೊನೆಯ ಹಸು, ಕತ್ತಿನ ತಿರುವು, ಒಬ್ಬನೇ ಶಿಲ್ಪಿ. ಅದೂ ನನಗಿಂತ ಚೆನ್ನಾದ ಕನ್ನಡದಲ್ಲಿ. ಫೋಟೊ ಇರಲಿಲ್ಲ, ಲೇಖಕಿಯೇ ಕಲ್ಲುಗಳ ಚಿತ್ರ ಬರೆದಿದ್ದರು. ಅವುಗಳಲ್ಲಿ ಜಡಿಗೇನಹಳ್ಳಿ ಹತ್ತಿರದ ಕೆರೆ ಏರಿಯ ಒಂದು ಕಲ್ಲನ್ನು ನಾನು ನೋಡಿಯೇ ಇರಲಿಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಲೇಖಕಿ ನಾಗರತ್ನಮ್ಮ ಹೊಸಕೋಟೆಯ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ ಎಂದಿತ್ತು. ಅಂದರೆ ಅವರು ‘ರತ್ನಮ್ಮ, ನಾಗ’ ಅಲ್ಲ, ನಾಗರತ್ನಮ್ಮ. ನಮ್ಮ ಹೆಸರುಗಳ ಪರಿಚಯವಿಲ್ಲದ ಯಾರೋ ಅದನ್ನು ನಡುವೆ ಕತ್ತರಿಸಿ ಹಿಂದುಮುಂದು ಮಾಡಿದ್ದರು.

ಅತ್ತೆನೋ ಇಲ್ಲವೋ ನೆನಪಿಲ್ಲ. ಹೊಟ್ಟೆಕಿಚ್ಚಂತೂ ಆಗಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಕೊರೆಯತೊಡಗಿತು. ಇಷ್ಟು ಕಂಡವರು, ಇಷ್ಟು ಚೆನ್ನಾಗಿ ಬರೆದವರು ಆಮೇಲೆ ಯಾಕೆ ಏನನ್ನೂ ಬರೆಯಲಿಲ್ಲ? ಎಲ್ಲ ಸೂಚಿಗಳಲ್ಲೂ ಹೆಸರನ್ನು ತಿರುಗಿಸಿ ಮುರುಗಿಸಿ ಹುಡುಕಿದೆ. ಬೇರೆ ಒಂದು ಸಾಲೂ ಇರಲಿಲ್ಲ.

ಮರುದಿನ ಹೊಸಕೋಟೆಯ ಹಳೇ ಅಂಗಡಿಗಳಲ್ಲಿ ವಿಚಾರಿಸುತ್ತ ಹೋದೆ. ದೇವರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯ ಹಿರಿಯರು ಹೆಸರು ಕೇಳುತ್ತಿದ್ದಂತೆ ಕನ್ನಡಕ ತೆಗೆದರು. "ಡ್ರಾಯಿಂಗ್ ಮೇಡಮ್ಮೋರಾ? ನಮ್ಗೂ ಹೇಳ್ಕೊಟ್ಟವ್ರೆ ಕಣಮ್ಮ. ದೇವನಹಳ್ಳಿಗೆ ವರ್ಗ ಆಯ್ತು, ಅಲ್ಲೇ ಮನೆ ಮಾಡ್ಕೊಂಡವ್ರೆ. ಮಗಳಿಗೆ ಏರ್‌ಪೋರ್ಟ್‌ನಾಗೆ ಕೆಲ್ಸ."

ದೇವನಹಳ್ಳಿಯ ಆ ಮನೆಯ ಬಾಗಿಲು ತೆಗೆದವರು ಸಣ್ಣ ಮೈಯ, ಕತ್ತರಿಸಿದ ಬಿಳಿಕೂದಲಿನ ಹೆಂಗಸು. ಬೆರಳಿಗೆ ನೀಲಿ ಬಣ್ಣ ಮೆತ್ತಿತ್ತು. ಮನೆಯ ಮೇಲೆ ವಿಮಾನವೊಂದು ಇಳಿಯುತ್ತಿದ್ದುದರಿಂದ ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಸದ್ದು ಹೋಗುವವರೆಗೆ ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತಿದ್ದೆವು.

"ನಾಗರತ್ನಮ್ಮ ಮೇಡಂ? ನಿಮ್ಮ ವೀರಗಲ್ಲಿನ ಲೇಖನ ಓದಿದೆ. ಅದರ ಬಗ್ಗೆ ಮಾತಾಡ್ಬೇಕಿತ್ತು."

"ಯಾವ ಲೇಖನಾನಮ್ಮ?"

"ಹಸು ಹಿಂದಕ್ಕೆ ನೋಡೋದು."

ಅವರು ನನ್ನ ಮುಖವನ್ನೇ ನೋಡಿದರು. "ಅದು ನಿಂಗೆ ಹೆಂಗೆ ಗೊತ್ತು?"

"ಪತ್ರಿಕೆಯಲ್ಲಿ ಬಂದಿದೆಯಲ್ಲ ಮೇಡಂ."

"ಬಂದಿಲ್ಲ," ಎಂದರು ಖಡಾಖಂಡಿತವಾಗಿ. "ಕಳ್ಸಿದ್ದೆ. ಒಂದು ಉತ್ತರಾನೂ ಬರ್ಲಿಲ್ಲ. ಆಮೇಲೆ ಆ ಪತ್ರಿಕೆನೇ ನಿಂತೋಯ್ತು."

ನಾನು ಚೀಲದಿಂದ ಪ್ರಿಂಟ್ ಹಾಕಿಸಿದ್ದ ಪುಟಗಳನ್ನು ತೆಗೆದು ಕೊಟ್ಟೆ. ಅವರು ತೆಗೆದುಕೊಂಡು, ಬಾಗಿಲಲ್ಲೇ ನಿಂತು, ಒಂದೊಂದನ್ನೇ ತಿರುವಿದರು. ವರ್ಗವಾದ ಹೊತ್ತಿನಲ್ಲಿ ಹೊಸಕೋಟೆಯ ಬಾಡಿಗೆ ಮನೆ ಖಾಲಿ ಮಾಡಿದ್ದರಂತೆ. ಪತ್ರಿಕೆಯ ಪ್ರತಿ ಆ ಹಳೇ ವಿಳಾಸಕ್ಕೆ ಹೋಗಿರಬೇಕು. ಅಚ್ಚಾದದ್ದು ಕೊನೆಯ ಸಂಚಿಕೆಯಲ್ಲಿ. ಅದು ಹೇಗೋ ಸಮುದ್ರ ದಾಟಿ ಒಂದು ಗ್ರಂಥಾಲಯ ಸೇರಿತ್ತು. ಬರೆದವರ ಮನೆ ಮಾತ್ರ ಸೇರಲಿಲ್ಲ.

"ಮೇಷ್ಟ್ರುಗಳೆಲ್ಲ ನಗೋರು," ಎಂದರು ಪುಟದಿಂದ ಕಣ್ಣೆತ್ತದೆ. "ಡ್ರಾಯಿಂಗ್ ಟೀಚರ್‌ಗೆ ಇತಿಹಾಸ ಯಾಕೆ ಅಂತ. ಉತ್ತರ ಬರ್ಲಿಲ್ವಲ್ಲ, ಅವ್ರು ಹೇಳಿದ್ದೇ ಸರಿ ಅಂದ್ಕೊಂಡೆ. ಬಿಟ್ಬಿಟ್ಟೆ."

ಮುಂದಿನ ಪುಟ ತಿರುವಿ, ಜಡಿಗೇನಹಳ್ಳಿ ಕೆರೆ ಏರಿಯ ಕಲ್ಲಿನ ಚಿತ್ರದ ಮೇಲೆ ಬೆರಳಿಟ್ಟು ಸಿಡಿಮಿಡಿಗೊಂಡರು. "ಅಯ್ಯೋ, ಪ್ರೆಸ್ಸಿನವ್ನು ಚಿತ್ರದ ಬ್ಲಾಕನ್ನೇ ಉಲ್ಟಾ ಮಾಡವ್ನೆ ನೋಡು! ಹಸು ಎಡಕ್ಕೆ ನೋಡ್ಬೇಕು, ಬಲಕ್ಕೆ ನೋಡ್ತೈತೆ." ಆಮೇಲೆ, "ಬಾ ಒಳಗೆ, ಕಾಫಿ ಕುಡಿತೀಯಾ?" ಎಂದರು. ಕಾಫಿ ಮಾಡಲು ಹೋದವರು ಹಾಲು ಒಲೆಯ ಮೇಲಿಟ್ಟು ಮತ್ತೆ ಪುಟಗಳ ಹತ್ತಿರ ಬಂದರು. ಹಾಲು ಉಕ್ಕಿಹೋಯಿತು.

ಆಮೇಲಿನ ವಾರಗಳಲ್ಲಿ ನನ್ನ ಚಡಪಡಿಕೆ ಅವರಿಗೂ ಅಂಟಿತು. ಅಥವಾ ಅವರದೇ ನನಗಿಂತ ದೊಡ್ಡದಿತ್ತು. ದಿನವೂ ಫೋನ್. "ಎಲ್ಲಿಗೆ ಹೋಗಿದ್ದೆ ಇವತ್ತು? ಯಾವ ಕಲ್ಲು ನೋಡಿದೆ?" ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಸ್ಸು ಬದಲಾಯಿಸಿಕೊಂಡು ಸಮೇತನಹಳ್ಳಿಗೇ ಬಂದಿಳಿದರು. ಚಿಕ್ಕಮ್ಮ ಅವರನ್ನು ನೋಡಿ, "ಇವ್ರಿಗೂ ಕಲ್ಲಿನ ಹುಚ್ಚಾ?" ಎಂದು ಕೇಳಿ, ಇಡ್ಲಿ ಕಟ್ಟಿಕೊಟ್ಟಳು.

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಜಡಿಗೇನಹಳ್ಳಿ ಕಡೆಗೆ ಹೊರಟೆ. ಅವರು ಚಿತ್ರ ಬರೆದ ಕಲ್ಲಿದ್ದ ಕೆರೆ ಏರಿಯ ಮೇಲೆ ಈಗ ಡಾಂಬರು ರಸ್ತೆ. ಅಗಲ ಮಾಡುವಾಗ ಎರಡು ಬದಿಗೂ ಮಣ್ಣು ಸುರಿದಿದ್ದರು. ಅವರು ಏರಿಯ ಉದ್ದಕ್ಕೂ ನಡೆದರು, ಮತ್ತೆ ಹಿಂದಕ್ಕೆ ನಡೆದರು, ತೂಬಿನ ಹತ್ತಿರ ಲಂಟಾನ ಪೊದೆಯನ್ನು ಛತ್ರಿಯ ತುದಿಯಿಂದ ಸರಿಸಿ ನೋಡಿದರು. ಎಮ್ಮೆ ಮೇಯಿಸುತ್ತಿದ್ದವರನ್ನು ಕೇಳಿದೆವು. ಅಂಥ ಕಲ್ಲು ಕಂಡ ನೆನಪು ಅವರಿಗಿರಲಿಲ್ಲ.

"ಇಲ್ಲೇ ಕೂತು ಬರೆದಿದ್ದು," ಎಂದು ನಾಗರತ್ನಮ್ಮ ರಸ್ತೆಯನ್ನು ತೋರಿಸಿದರು. ಲಾರಿಯೊಂದು ಹಾರನ್ ಹೊಡೆಯಿತು. ನಾನು ಅವರನ್ನು ಬದಿಗೆ ಎಳೆದುಕೊಂಡೆ. ಆ ಕಲ್ಲು ಇವತ್ತಿಗೂ ಸಿಕ್ಕಿಲ್ಲ. ಅದು ಇತ್ತು ಎನ್ನುವುದಕ್ಕೆ ಉಲ್ಟಾ ಅಚ್ಚಾದ ಆ ಚಿತ್ರವೊಂದೇ ಆಧಾರ.

ನಮ್ಮ ಜಗಳ ಶುರುವಾಗಿದ್ದು ಅದೇ ದಿನ, ಪಕ್ಕದ ಊರಿನ ಗುಡಿಯ ಹಿಂದಿನ ಕಲ್ಲಿನ ಮುಂದೆ. ಮಳೆಯಲ್ಲಿ ತೊಳೆದುಹೋಗಿ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ಅವರ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ಕಲ್ಲಿನ ಪಕ್ಕ ಹಿಡಿದಾಗ ನನಗೆ ಮೊದಲ ಸಲ ಒಂದು ವ್ಯತ್ಯಾಸ ಹೊಳೆಯಿತು. ಕಳೆದುಹೋದ ಕಲ್ಲಿನ ಹಸುವಿಗೆ ಗೊರಸು ಸೀಳಿದ್ದು ಸ್ಪಷ್ಟವಾಗಿತ್ತು, ಕಿವಿ ನಿಮಿರಿತ್ತು. ಇಲ್ಲಿಯ ಹಸುವಿಗೆ ಗೊರಸು ಬರಿಯ ಗುಂಡು, ಕಿವಿ ಎರಡೇ ಉಳಿ ಏಟು. ಸವೆದು ಹಾಗಾಗಿದೆ ಎಂದುಕೊಂಡಿದ್ದೆ. ಆದರೆ ಅದೇ ಕಲ್ಲಿನಲ್ಲಿ ವೀರನ ಬೆರಳುಗಳು ಚೂಪಾಗೇ ಉಳಿದಿದ್ದವು.

"ಮೇಡಂ, ಇದು ಒಬ್ಬರ ಕೆಲಸ ಅಲ್ಲ. ಇಬ್ಬರದ್ದು. ಒಬ್ಬರನ್ನ ನೋಡಿ ಇನ್ನೊಬ್ರು ಕಲ್ತಿದ್ದಾರೆ."

"ಯಾಕೆ ಇಬ್ರು?" ಎಂದು ಕೆರಳಿದರು. "ಒಬ್ನೇ ವಯಸ್ಸಾದ್ಮೇಲೆ ಕೆತ್ತಿರ್ಬಾರ್ದಾ? ನನ್ನ ಕೈ ನೋಡು. ಆಗ ಎಳೆದ ಗೆರೆ ಈಗ ಎಳೆಯೋಕಾಯ್ತದಾ? ಗೊರಸು ಸೀಳೋ ಶಕ್ತಿ ಇಲ್ಲ, ಆದ್ರೆ ಕತ್ತು ಎಲ್ಲಿ ತಿರುಗಬೇಕು ಅನ್ನೋದು ಅವನಿಗೆ ಮರ್ತಿಲ್ಲ."

"ಅದನ್ನ ಹೆಂಗೆ ಸಾಬೀತು ಮಾಡೋದು?"

"ನೀನು ಇಬ್ರು ಅಂತ ಹೆಂಗೆ ಸಾಬೀತು ಮಾಡ್ತೀಯ?"

ಗುಡಿಯ ಜಗಲಿಯ ಮೇಲೆ ಇಡ್ಲಿ ತಿನ್ನುತ್ತ ವಾದ ಮಾಡಿದೆವು. ಹನಿ ಶುರುವಾದರೂ ನಿಲ್ಲಿಸಲಿಲ್ಲ. ವಾಪಸ್ ಬರುವಾಗ ನನ್ನ ಬೆನ್ನ ಹಿಂದಿನಿಂದ, ಗಾಳಿಯ ಸದ್ದನ್ನೂ ಮೀರಿ, ಅವರು ಇನ್ನೂ ಹೇಳುತ್ತಲೇ ಇದ್ದರು. ಆ ರಸ್ತೆಯಲ್ಲೇ ನನಗೆ ಅರಿವಾದದ್ದು, ನನ್ನ ಪ್ರಬಂಧ ಸತ್ತಿಲ್ಲ ಎಂದು. ಮೊದಲು ಕಂಡವಳು ಎಂಬ ಪಟ್ಟ ಹೋಗಿತ್ತು, ನಿಜ. ಅದರ ಜಾಗಕ್ಕೆ ಒಂದು ಪ್ರಶ್ನೆ ಬಂದಿತ್ತು. ಅದರ ಬಗ್ಗೆ ಎದುರು ಕೂತು ವಾದ ಮಾಡುವ ಒಬ್ಬರೂ ಸಿಕ್ಕಿದ್ದರು.

ದಸರಾ ಆದ ಮೇಲಿನ ಸಭೆಯಲ್ಲಿ ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ನಾಗರತ್ನಮ್ಮನವರ ಲೇಖನದಿಂದಲೇ ಶುರು ಮಾಡಿ, ಎಲ್ಲಿ ಒಪ್ಪುತ್ತೇನೆ, ಎಲ್ಲಿ ಒಪ್ಪುವುದಿಲ್ಲ ಎಂದು ವಿವರಿಸಿದೆ. ಅಧ್ಯಾಯಗಳನ್ನು ಹೊಸದಾಗಿ ಬರೆಯಬೇಕೆಂದು ತೀರ್ಮಾನವಾಯಿತು. ಪದವಿ ನಾನು ಅಂದುಕೊಂಡಿದ್ದಕ್ಕಿಂತ ತಡವಾಗಿ ಬಂತು. ಮನೆಯಲ್ಲಿ ಅಪ್ಪ ಬೇಜಾರು ಮಾಡಿಕೊಂಡರು. ಮಂಜುನಾಥ, "ಹೇಳಿದ್ನಲ್ಲ ಗುರು," ಎಂದ.

ಸಭೆಗೂ ಮುಂಚೆಯೇ ಆ ವಿದೇಶಿ ಗ್ರಂಥಾಲಯಕ್ಕೆ ಇನ್ನೊಂದು ಮೇಲ್ ಬರೆದಿದ್ದೆ. ಲೇಖಕಿಯ ಹೆಸರು ಒಂದೇ ಪದ, ಅದನ್ನು ಒಡೆಯುವಂತಿಲ್ಲ. ‘ರತ್ನಮ್ಮ, ನಾಗ’ ಎಂಬ ಹೆಸರಿನವರು ಯಾರೂ ಇಲ್ಲ ಎಂದು ತಿಳಿಸಿದ್ದೆ. ಅವರು ಆಧಾರ ಕೇಳಿದರು. ಲೇಖನದ ಕೊನೆಯ ಪುಟ ಕಳಿಸಿ, ಕನ್ನಡ ಹೆಸರುಗಳು ಹೇಗಿರುತ್ತವೆ ಎಂದು ಉದ್ದಕ್ಕೆ ವಿವರಿಸಿದೆ. ಬಹಳ ದಿನ ಸುದ್ದಿಯಿರಲಿಲ್ಲ. ಮಳೆಗಾಲ ಮುಗಿದು ರಾಗಿ ತೆನೆ ಬಲಿಯುವ ಹೊತ್ತಿಗೆ ಸರಿಪಡಿಸಿದ್ದೇವೆ ಎಂಬ ಎರಡು ಸಾಲಿನ ಉತ್ತರ ಬಂತು.

ಅವತ್ತು ಮಧ್ಯಾಹ್ನ ನಾವಿಬ್ಬರೂ ಹೊಸಕೋಟೆ ಬಸ್‌ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅವರು ದೇವನಹಳ್ಳಿ ಬಸ್ಸಿಗೆ ಕಾಯುತ್ತಿದ್ದರು. ನನ್ನ ಫೋನಿನಲ್ಲಿ ಆ ಸೂಚಿ ತೆರೆದು ಅವರ ಕೈಗೆ ಕೊಟ್ಟೆ.

"ನಿಮ್ಮ ಹೆಸರು ನೀವೇ ಹಾಕಿ ಮೇಡಂ."

ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ನಡುವೆ ಒಂದು ತಪ್ಪಾಯಿತು. ಅಳಿಸಿ ಮತ್ತೆ ಒತ್ತಿದರು. ಚಕ್ರ ಸುತ್ತಿತು. ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಿದ್ದರು. ಹೆಸರು ಬಂತು, ಇಡಿಯಾಗಿ, ಅದರ ಕೆಳಗೆ ಲೇಖನ.

ಅವರು ಕಣ್ಣೊರೆಸಿಕೊಳ್ಳಬಹುದು ಎಂದು ನಾನು ಕಾದೆ. ಅವರು ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳಿದರು, ಇನ್ನೂ ಏನಾದರೂ ಇದೆಯೇನೋ ಎಂಬಂತೆ.

"ಒಂದೇನಾ?"

"ಒಂದೇ ಮೇಡಂ."

"ಇಷ್ಟು ವರ್ಷ ಸುಮ್ನೆ ಕೂತಿದ್ನಲ್ಲ," ಎಂದು ಫೋನನ್ನು ನನ್ನ ಮಡಿಲಿಗೆ ಹಾಕಿದರು. ದನಿಯಲ್ಲಿ ಸಿಟ್ಟಿತ್ತು. ದೇವನಹಳ್ಳಿ ಬಸ್ಸು ಬಂದು ನಿಂತಿತು. ಅವರು ಎದ್ದವರು ಹತ್ತಲಿಲ್ಲ. ಸೀರೆಯ ನೆರಿಗೆ ಕೊಡವಿಕೊಂಡು ನನ್ನ ಕಡೆ ತಿರುಗಿದರು.

"ಇನ್ನೂ ಬೆಳಕೈತೆ. ನಾವು ನೋಡ್ದೇ ಇರೋದು ಯಾವೂರು ಹತ್ರ ಆಯ್ತದೆ ಇಲ್ಲಿಂದ?"

ಒಂದು ಊರಿನ ಹೆಸರು ಹೇಳಿದೆ. ಅವರು ಆಗಲೇ ಸ್ಕೂಟರಿನ ಕಡೆಗೆ ನಡೆಯುತ್ತಿದ್ದರು.